ಬಫಲೋದ ಹಳೇ ಮಾನಸಿಕ ಆಸ್ಪತ್ರೆ, 1:500 ಅಳತೆಯಲ್ಲಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನಲ್ಲಿ ಒಂದು ಹಳೆಯ ಮಾನಸಿಕ ಆಸ್ಪತ್ರೆಯ ಕಟ್ಟಡ ಇದೆ. ತುದಿಯಿಂದ ತುದಿಗೆ ಸುಮಾರು 2,200 ಅಡಿ. ನಡುವೆ ಎರಡು ಗೋಪುರ, ಎತ್ತರ 185 ಅಡಿ. ಗೋಪುರದ ಕಟ್ಟಡದ ಎಡಕ್ಕೆ ಐದು ಬ್ಲಾಕ್, ಬಲಕ್ಕೆ ಐದು. ಬೆಳ್ಳಕ್ಕಿಗಳು ಸಾಲಾಗಿ ಹಾರುವಾಗ ಒಂದರ ಹಿಂದೆ ಒಂದು ಓರೆಯಾಗಿ ಸರಿದಿರುತ್ತವಲ್ಲ, ಆ ಬ್ಲಾಕ್‌ಗಳು ನಿಂತಿರುವುದೂ ಹಾಗೆಯೇ. ನಿಂತಿದ್ದವು ಅನ್ನಬೇಕು. ಅವುಗಳಲ್ಲಿ ಮೂರು ಈಗಿಲ್ಲ.

ಈ ಕಟ್ಟಡದ ಮಾದರಿಯನ್ನು ಬೆಂಗಳೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಮಾಡಿದೆ. ಬೋರ್ಡು, ಫೆವಿಕಾಲ್, ರಂಗೋಲಿ ಪುಡಿ, ತಾಮ್ರದ ಟೇಪು, ಒಂದಿಷ್ಟು ಲೇಸರ್ ಕಟಿಂಗ್. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಟೊರೊಂಟೋದಲ್ಲಿರುವ ಭಾವನ ಮನೆಗೆ ಹೋದವರು ನಯಾಗರಾ ನೋಡದೆ ಬರುವುದುಂಟೇ? ಅಲ್ಲಿಂದ ಬಫಲೋ ಅರ್ಧ ಗಂಟೆಯ ದಾರಿ. ಉಳಿದವರೆಲ್ಲ ಜಲಪಾತದ ಫೋಟೋ ತೆಗೆಯುತ್ತಿದ್ದರೆ ನನಗೆ ಈ ಗೋಪುರಗಳ ಚಿಂತೆ. ಕೊನೆಗೆ ಎಲ್ಲರನ್ನೂ ಒಪ್ಪಿಸಿ ಅಲ್ಲಿಗೂ ಕರೆದುಕೊಂಡು ಹೋದೆ. ಸುತ್ತ ನಡೆದಾಗ ಒಂದು ವಿಷಯ ಗೊತ್ತಾಯಿತು. ಎಲ್ಲಿ ನಿಂತರೂ ಈ ಕಟ್ಟಡ ಪೂರ್ತಿ ಕಾಣುವುದೇ ಇಲ್ಲ. ಒಂದು ಬ್ಲಾಕ್ ಮುಂದೆ ಬಂದರೆ ಇನ್ನೊಂದು ಅದರ ಹಿಂದೆ ಅಡಗುತ್ತದೆ. ಇದರ ಲೆಕ್ಕ ತಿಳಿಯಬೇಕಾದರೆ ಮೇಲಿನಿಂದ ನೋಡಬೇಕು. ಮಾದರಿ ಮಾಡಿದರೆ ಅದು ಸಾಧ್ಯ.

ಯಾರು ಕಟ್ಟಿದ್ದು, ಯಾಕೆ ಹೀಗೆ

ಕಟ್ಟಡದ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್. ಹುಟ್ಟಿದ್ದು 1838ರಲ್ಲಿ, ತೀರಿಕೊಂಡಿದ್ದು 1886ರಲ್ಲಿ. ಪ್ಯಾರಿಸ್‌ನಲ್ಲಿ ಓದಿ ಬಂದವನು. ದಪ್ಪ ಕಲ್ಲಿನ ಗೋಡೆ, ಅರ್ಧ ವೃತ್ತದ ಕಮಾನು, ಗಟ್ಟಿಮುಟ್ಟಾದ ಗೋಪುರ, ಇವನ್ನೆಲ್ಲ ಸೇರಿಸಿ ಅವನು ಕಟ್ಟಿದ ಶೈಲಿಗೆ ಅವನ ಹೆಸರೇ ಅಂಟಿಕೊಂಡಿದೆ. ಅವನು ಕೈಗೆತ್ತಿಕೊಂಡ ಕೆಲಸಗಳಲ್ಲಿ ಅತಿ ದೊಡ್ಡದು ಈ ಆಸ್ಪತ್ರೆ. ಸುತ್ತಲಿನ ಜಾಗವನ್ನು ರೂಪಿಸಿದವರು ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್. ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕ್ ಮಾಡಿದ ಜೋಡಿ ಇದು. ಕಟ್ಟುವ ಕೆಲಸ 1872ರಲ್ಲಿ ಶುರುವಾಯಿತು. 1880ರಲ್ಲಿ ನಡುವಿನ ಕಟ್ಟಡ ಮತ್ತು ಪೂರ್ವದ ಸಾಲಿನೊಂದಿಗೆ ಆಸ್ಪತ್ರೆ ತೆರೆಯಿತು. ಪಶ್ಚಿಮದ ಸಾಲು ಮುಗಿಯುವ ಹೊತ್ತಿಗೆ 1895. ಅಷ್ಟರಲ್ಲಿ ರಿಚರ್ಡ್‌ಸನ್ ಹೋಗಿ ಒಂಬತ್ತು ವರ್ಷ ಆಗಿತ್ತು.

ಆದರೆ ಬ್ಲಾಕ್‌ಗಳನ್ನು ಒಂದರ ಹಿಂದೆ ಒಂದು ಸರಿಸಿ ನಿಲ್ಲಿಸುವ ಉಪಾಯ ರಿಚರ್ಡ್‌ಸನ್‌ನದಲ್ಲ. ಅದು ಫಿಲಡೆಲ್ಫಿಯಾದ ವೈದ್ಯ ಥಾಮಸ್ ಸ್ಟೋರಿ ಕರ್ಕ್‌ಬ್ರೈಡ್ ಅವರದು. ಮನಸ್ಸಿನ ಕಾಯಿಲೆಗೆ ಕಟ್ಟಡವೇ ಅರ್ಧ ಔಷಧಿ ಅಂತ ನಂಬಿದವರು. ಆಸ್ಪತ್ರೆಯನ್ನು ಹೇಗೆ ಕಟ್ಟಬೇಕು ಅಂತಲೇ 1854ರಲ್ಲಿ ಒಂದು ಪುಸ್ತಕ ಬರೆದರು. ಊರ ಹೊರಗೆ ವಿಶಾಲವಾದ ಜಾಗ ಇರಬೇಕು. ನಡುವೆ ಕಚೇರಿ, ಮುಖ್ಯ ವೈದ್ಯರ ಮನೆ, ಪ್ರಾರ್ಥನಾ ಮಂದಿರ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಪ್ರತಿ ಬ್ಲಾಕ್ ಮುಂದಿನದಕ್ಕಿಂತ ಹಿಂದೆ ಸರಿದಿರಬೇಕು. ಆಗ ಪ್ರತಿ ವಾರ್ಡಿನ ಎರಡೂ ತುದಿಗೆ ಕಿಟಕಿ ಸಿಗುತ್ತದೆ, ಗಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತದೆ. ಒಂದು ವಾರ್ಡಿನವರು ಇನ್ನೊಂದು ವಾರ್ಡಿನ ಕಿಟಕಿಯನ್ನು ನೋಡುತ್ತಾ ಕೂರಬೇಕಾಗಿಲ್ಲ, ಹೊರಗಿನ ಹಸಿರು ನೋಡಬಹುದು. ಒಂದು ಆಸ್ಪತ್ರೆಯಲ್ಲಿ 250ಕ್ಕಿಂತ ಜಾಸ್ತಿ ರೋಗಿಗಳು ಇರಬಾರದು ಅನ್ನುವುದು ಅವರ ಹಟ. 1866ರಲ್ಲಿ ಅಮೆರಿಕದ ಮಾನಸಿಕ ಆಸ್ಪತ್ರೆ ಮುಖ್ಯಸ್ಥರ ಸಂಘ ಆ ಮಿತಿಯನ್ನು 600ಕ್ಕೆ ಏರಿಸಿತು. ಹಟ ಸೋತಿತು.

ಕರ್ಕ್‌ಬ್ರೈಡ್ ಅವರ ಬದುಕೂ ಸ್ವಾರಸ್ಯದ್ದೇ. ಹಿಂದೆ ರೋಗಿಯಾಗಿದ್ದವನೊಬ್ಬ 1849ರಲ್ಲಿ ಅವರಿಗೆ ಗುಂಡು ಹೊಡೆದ, ಅವರು ಬದುಕಿಕೊಂಡರು. ಮೊದಲ ಹೆಂಡತಿ ತೀರಿದ ಮೇಲೆ 1866ರಲ್ಲಿ ತಮ್ಮಲ್ಲೇ ಚಿಕಿತ್ಸೆ ಪಡೆದಿದ್ದ ಹೆಣ್ಣುಮಗಳೊಬ್ಬರನ್ನು ಮದುವೆಯಾದರು.

ಅಳತೆ

1:500 ಆರಿಸಿಕೊಂಡದ್ದು ಮೇಜಿನ ಮೇಲೆ ಜಾಗ ಇದ್ದದ್ದೇ ಅಷ್ಟು ಅಂತ. 2,200 ಅಡಿ ಅಂದರೆ 670 ಮೀಟರ್. 500ರಿಂದ ಭಾಗಿಸಿದರೆ 1.34 ಮೀಟರ್. ಐದಡಿ ಉದ್ದ, ಎರಡೂವರೆ ಅಡಿ ಅಗಲದ ಪ್ಲೈವುಡ್ ಸಾಕಾಯಿತು. ಈ ಅಳತೆಯಲ್ಲಿ ಒಂದು ಅಡಿ ಅಂದರೆ 0.61 ಮಿ.ಮೀ. ಇದನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಬಿಡಿ. ಪ್ರತಿ ಸಲ ಕ್ಯಾಲ್ಕುಲೇಟರ್ ಹುಡುಕುವುದು ತಪ್ಪುತ್ತದೆ. ಗೋಪುರ 113 ಮಿ.ಮೀ. ಬರುತ್ತದೆ. ಹನ್ನೆರಡು ಅಡಿ ಅಗಲದ ಕಾರಿಡಾರ್ 7.3 ಮಿ.ಮೀ. ಒಂದೊಂದು ಮಹಡಿಗೆ ಎಂಟೊಂಬತ್ತು ಮಿ.ಮೀ.

ಹಳೆಯ ನೆಲನಕ್ಷೆ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಅಮೆರಿಕದ ಐತಿಹಾಸಿಕ ಕಟ್ಟಡಗಳ ಸರ್ಕಾರಿ ಸಮೀಕ್ಷೆಯವರು ತೆಗೆದ ಕಪ್ಪು ಬಿಳುಪು ಫೋಟೋಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಕ್ಷೆಯನ್ನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಕೆಳಗಿಟ್ಟು, ಉಪಗ್ರಹ ಚಿತ್ರದ ಜೊತೆ ಹೊಂದಿಸಿ, ಮೇಲೆ ಗೆರೆ ಎಳೆದೆ. ಎತ್ತರಗಳಿಗೆ ಗೋಪುರದ 185 ಅಡಿಯೇ ಅಳತೆಗೋಲು. ಫೋಟೋದಲ್ಲಿ ಗೋಪುರ ಎಷ್ಟು, ಪಕ್ಕದ ಸೂರು ಎಷ್ಟು ಅಂತ ನೋಡಿ ಲೆಕ್ಕ ಹಾಕುವುದು. ಇದಕ್ಕೆ ದೂರದಿಂದ, ಎದುರಿನಿಂದ ತೆಗೆದ ಫೋಟೋನೇ ಬೇಕು. ಹತ್ತಿರದಿಂದ ತೆಗೆದದ್ದರಲ್ಲಿ ಗೋಪುರ ಹಿಂದಕ್ಕೆ ವಾಲಿರುತ್ತದೆ, ಎತ್ತರ ಕಡಿಮೆ ಬರುತ್ತದೆ.

ಯಾವ ವರ್ಷದ ಕಟ್ಟಡ?

ಹಳೆ ಕಟ್ಟಡದ ಮಾದರಿ ಮಾಡುವವರೆಲ್ಲ ಮೊದಲು ತೀರ್ಮಾನಿಸಬೇಕಾದ್ದು ಇದು. 1880ರದ್ದು ಮಾಡಿದರೆ ಒಂದೇ ರೆಕ್ಕೆ. 1895ರದ್ದಾದರೆ ಹನ್ನೊಂದು ಕಟ್ಟಡವೂ ಇರುತ್ತವೆ. ಇಂದಿನದಾದರೆ ಪೂರ್ವದ ತುದಿಯ ಮೂರು ಬ್ಲಾಕ್‌ಗಳು ಇಲ್ಲ. 1969ರಲ್ಲಿ ಅಲ್ಲಿ ಹೊಸ ಆಸ್ಪತ್ರೆ ಕಟ್ಟಡಕ್ಕಾಗಿ ಅವನ್ನು ಕೆಡವಿದರು. 1970ರ ದಶಕದ ನಡುವಿನ ಹೊತ್ತಿಗೆ ಹಳೆ ಕಟ್ಟಡದಿಂದ ರೋಗಿಗಳನ್ನೂ ಸಾಗಿಸಿಯಾಗಿತ್ತು. ಆಮೇಲೆ ದಶಕಗಟ್ಟಲೆ ಖಾಲಿ. 1986ರಲ್ಲಿ ರಾಷ್ಟ್ರೀಯ ಹೆಗ್ಗುರುತು ಅಂತ ಘೋಷಣೆ ಆಯಿತು. 2017ರಲ್ಲಿ ನಡುವಿನ ಭಾಗ ದುರಸ್ತಿಯಾಗಿ 88 ಕೋಣೆಗಳ ಹೋಟೆಲ್ ಆಯಿತು, 2021ರಲ್ಲಿ ಮುಚ್ಚಿತು, 2023ರಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ತೆರೆಯಿತು.

ನಾನು 1895ರದ್ದನ್ನೇ ಮಾಡಿದೆ. ಆದರೆ ಪೂರ್ವದ ಆ ಮೂರು ಬ್ಲಾಕ್‌ಗಳನ್ನು ಅಂಟಿಸದೆ ಅಯಸ್ಕಾಂತದ ಮೇಲೆ ಕೂರಿಸಿದೆ. ಎಸ್.ಪಿ. ರೋಡಿನಲ್ಲಿ 5 ಮಿ.ಮೀ. ಅಗಲದ ಗುಂಡನೆಯ ನಿಯೋಡೈಮಿಯಂ ಅಯಸ್ಕಾಂತ ಸಿಗುತ್ತದೆ. ಒಂದು ಬ್ಲಾಕಿಗೆ ಎರಡು, ನೆಲದಲ್ಲಿ ಎರಡು. ಅಂಟಿಸುವ ಮುಂಚೆ ಯಾವ ಮುಖ ಯಾವುದಕ್ಕೆ ಅಂಟುತ್ತದೆ ಅಂತ ಮಾರ್ಕರ್‌ನಿಂದ ಗುರುತು ಹಾಕಿಕೊಳ್ಳಿ. ಒಂದು ಬ್ಲಾಕಿನ ಎರಡು ಅಯಸ್ಕಾಂತಗಳ ಮುಖ ಬೇರೆ ಬೇರೆ ದಿಕ್ಕಿಗೆ ಇಟ್ಟರೆ ಇನ್ನೂ ಒಳ್ಳೆಯದು. ಬ್ಲಾಕನ್ನು ಹಿಂದುಮುಂದಾಗಿ ಕೂರಿಸಲು ಹೋದರೆ ಅದೇ ತಳ್ಳಿಬಿಡುತ್ತದೆ.

ಗೋಡೆ ಮತ್ತು ಕಿಟಕಿ

ಅವೆನ್ಯೂ ರೋಡಿನಿಂದ ಮೌಂಟ್ ಬೋರ್ಡ್ ಅನ್ನುವ ದಪ್ಪ ರಟ್ಟು ತಂದೆ. ಗೋಡೆಗೆ 1 ಮಿ.ಮೀ., ಒಳಗಿನ ಆಧಾರಕ್ಕೆ 2 ಮಿ.ಮೀ. ಕಿಟಕಿಗಳು ಈ ಅಳತೆಯಲ್ಲಿ ಸುಮಾರು 2 ಮಿ.ಮೀ. ಅಗಲ, 5 ಮಿ.ಮೀ. ಎತ್ತರ. ನೂರಾರು ಇವೆ. ಕೈಯಲ್ಲಿ ಕತ್ತರಿಸುವ ಮಾತೇ ಇಲ್ಲ, ಲೇಸರ್ ಅಂಗಡಿಗೇ ಹೋಗಬೇಕು. ಲೇಸರ್ ತಾನೇ 0.15ರಿಂದ 0.2 ಮಿ.ಮೀ. ತಿನ್ನುತ್ತದೆ ಅನ್ನುವುದು ನೆನಪಿರಲಿ. ಅರ್ಧ ಮಿ.ಮೀ. ಪಟ್ಟಿ ಬರೆದರೆ ಕೈಗೆ ಸಿಗುವುದು ಅದಕ್ಕಿಂತ ತೆಳು, ಅದೂ ಸುಟ್ಟು ಕಪ್ಪಾದದ್ದು. ಹಾಗಾಗಿ ಕಿಟಕಿಯ ಒಳಗಿನ ಚೌಕಟ್ಟಿನ ಗೆರೆಗಳನ್ನು ಕತ್ತರಿಸದೆ, ಹಿಂದೆ ಅಂಟಿಸುವ ಪಾರದರ್ಶಕ ಹಾಳೆಯ ಮೇಲೆ ಬರೀ ಗೀರಿಸಿದೆ.

ಅಂಗಡಿಯ ಹುಡುಗ ಫೈಲ್ ತೆರೆದವನೇ ಕೇಳಿದ, "ಸಾರ್, ಯಾವ ಅರಮನೆ ಇದು?"

"ಅರಮನೆ ಅಲ್ಲಪ್ಪ, ಮಾನಸಿಕ ಆಸ್ಪತ್ರೆ."

"ಸುಮ್ನೆ ಹೇಳ್ಬೇಡಿ ಸಾರ್. ಕಂಬಿನೇ ಇಲ್ವಲ್ಲ ಕಿಟಕಿಗೆ!"

ಒಳ್ಳೆ ಪ್ರಶ್ನೆಯನ್ನೇ ಕೇಳಿದ. ಕರ್ಕ್‌ಬ್ರೈಡ್ ಇದರ ಬಗ್ಗೆ ತುಂಬಾ ತಲೆ ಕೆಡಿಸಿಕೊಂಡಿದ್ದರು. ಕಂಬಿ ಕಂಡರೆ ರೋಗಿಗೆ ಜೈಲಿನ ನೆನಪಾಗುತ್ತದೆ. ಅದಕ್ಕೆ ಕಿಟಕಿಯ ಚೌಕಟ್ಟನ್ನೇ ಎರಕದ ಕಬ್ಬಿಣದಲ್ಲಿ ಮಾಡಿಸಿ, ಗಾಜಿನ ತುಂಡುಗಳನ್ನು ಕಿರಿದಾಗಿಸಿ, ಮೇಲಿಂದ ಬಣ್ಣ ಹೊಡೆಸಿ ಅಂತ ಬರೆದರು. ನೋಡಲು ಮನೆಯ ಮರದ ಕಿಟಕಿ. ಮೇಲೂ ಕೆಳಗೂ ಸರಿಯುತ್ತದೆ, ಗಾಳಿ ಬರುವಷ್ಟು. ಮನುಷ್ಯ ತೂರುವಷ್ಟಲ್ಲ. ಕರುಣೆಯೂ ಇದೆ, ಜಾಣತನವೂ ಇದೆ. ಕಾವಲು ಕಾವಲೇ, ಕಣ್ಣಿಗೆ ಕಾಣದ ಹಾಗೆ ಇಟ್ಟಿದ್ದಾರೆ ಅಷ್ಟೆ. ನನಗೆ ಈ ಕಿಟಕಿಯ ಬಗ್ಗೆ ಇಂದಿಗೂ ಎರಡು ಮನಸ್ಸು.

ಮಳೆಗಾಲದಲ್ಲಿ ಮೌಂಟ್ ಬೋರ್ಡ್ ಕೆಲಸ ಮಾಡುವವರಿಗೆ ಒಂದು ಮಾತು. ಫೆವಿಕಾಲ್‌ನ ನೀರು ಕುಡಿದು ಉದ್ದನೆಯ ಗೋಡೆಗಳು ಬಿಲ್ಲಿನಂತೆ ಬಾಗುತ್ತವೆ. ಒಂದು ಬದಿಗೆ ಕಾಗದ ಅಂಟಿಸಿದರೆ ಇನ್ನೊಂದು ಬದಿಗೂ ಅಂಟಿಸಲೇಬೇಕು, ಆಗ ಎರಡೂ ಕಡೆ ಸಮ ಎಳೆತ. ಅಂಟಿಸಿದ ಮೇಲೆ ನೇರವಾಗಿ ಒಣಗಲು ಎರಡು ಗಾಜಿನ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ. ನಾನು ಹಳೆ ಟೆಲಿಫೋನ್ ಡೈರೆಕ್ಟರಿ ಹೇರಿದೆ. ಅದಕ್ಕೆ ಉಳಿದಿರುವ ಉಪಯೋಗ ಅದೊಂದೇ.

ಬಾಗಿದ ಕಾರಿಡಾರ್‌ಗಳು

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿಂದದ್ದು ಇವು. ಮೊದಲ ಕರ್ಕ್‌ಬ್ರೈಡ್ ಆಸ್ಪತ್ರೆಗಳಲ್ಲಿ ಒಂದು ಬ್ಲಾಕಿನ ಮೂಲೆ ಮುಂದಿನದಕ್ಕೆ ನೇರವಾಗಿ ತಾಗುತ್ತಿತ್ತು, ಅಥವಾ ನಡುವೆ ಒಂದು ಗಿಡ್ಡ ಓಣಿ ಇರುತ್ತಿತ್ತು. ಬಫಲೋದಲ್ಲಿ ಹಾಗಲ್ಲ. ಎರಡು ಬ್ಲಾಕ್‌ಗಳ ನಡುವೆ ಕಾಲು ವೃತ್ತದ ಕಾರಿಡಾರ್ ಇದೆ. ಬ್ಲಾಕಿಗಿಂತ ತಗ್ಗು, ಬ್ಲಾಕಿಗಿಂತ ಸಪೂರ. ಇದರಿಂದ ಬ್ಲಾಕುಗಳು ಚೆನ್ನಾಗಿ ದೂರ ದೂರ ನಿಲ್ಲುತ್ತವೆ. ಮೂಲೆಗೂ ಬೆಳಕು ಬೀಳುತ್ತದೆ. ಬೆಂಕಿ ಬಿದ್ದರೆ ಕಬ್ಬಿಣದ ಬಾಗಿಲು ಮುಚ್ಚಿ ಆ ಬ್ಲಾಕನ್ನು ಬೇರೆ ಮಾಡಬಹುದು. ಆ ಕಾಲದಲ್ಲಿ ಬೆಂಕಿಯ ಭಯ ಸಣ್ಣದಲ್ಲ. ದೀಪ ಅಂದರೆ ಗ್ಯಾಸ್, ಮೇಲಿನ ಮಾಡು (ಛಾವಣಿ) ಅಂದರೆ ಮರದ ತೊಲೆ.

ಹೀಗೆ ಹತ್ತು ಕಾರಿಡಾರ್. ನನ್ನ ನಕ್ಷೆಯಲ್ಲಿ ಹೊರಗೋಡೆಯ ತ್ರಿಜ್ಯ 30 ಮಿ.ಮೀ. ಬಂದ ಜಾಗಕ್ಕೆ ಒಳಗೋಡೆಯದು 22.7. ಕಾಲು ವೃತ್ತ ಆದ್ದರಿಂದ ಬಿಡಿಸಿದ ಗೋಡೆಯ ಉದ್ದ ಹೊರಗೆ 47.1 ಮಿ.ಮೀ., ಒಳಗೆ 35.7. 1 ಮಿ.ಮೀ. ಬೋರ್ಡ್ ಇಷ್ಟು ಚಿಕ್ಕದಾಗಿ ಬಾಗಿಸಿದರೆ ಕಿಟಕಿ ಇರುವ ಕಡೆಯೇ ಮುರಿಯುತ್ತದೆ. ಹಾಗಾಗಿ ಇಲ್ಲಿಗೆ 300 ಜಿ.ಎಸ್.ಎಂ. (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ) ಐವರಿ ಕಾರ್ಡ್ ಬಳಸಿದೆ. ಕಾಗದಕ್ಕೂ ಎಳೆ ಇರುತ್ತದೆ. ಎಳೆ ಗೋಡೆಯ ಎತ್ತರದ ದಿಕ್ಕಿನಲ್ಲಿ ಇರುವಂತೆ ಕತ್ತರಿಸಿದರೆ ತಾನಾಗಿ ಸುತ್ತಿಕೊಳ್ಳುತ್ತದೆ, ಅಡ್ಡಲಾಗಿ ಇಟ್ಟರೆ ಸುಕ್ಕು ಬೀಳುತ್ತದೆ. ಎಳೆ ಯಾವ ಕಡೆ ಅಂತ ತಿಳಿಯಲು ಒಂದು ಸಣ್ಣ ಚೌಕ ಒದ್ದೆ ಮಾಡಿ ಬಿಡಿ. ಅದು ಸುರುಳಿಯಾಗುವಾಗ ಎಳೆ ಸುರುಳಿಯ ಉದ್ದಕ್ಕೆ ಇರುತ್ತದೆ. ಸ್ಪಂಜಿನಿಂದ ಸ್ವಲ್ಪ ತೇವ ಮಾಡಿ, ಬೇಕಾದ ತ್ರಿಜ್ಯಕ್ಕಿಂತ ಒಂಚೂರು ಸಣ್ಣ ಪಿ.ವಿ.ಸಿ. ಪೈಪಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ರಾತ್ರಿ ಬಿಟ್ಟರೆ ಬೆಳಗ್ಗೆ ಆಕಾರ ಹಿಡಿದಿರುತ್ತದೆ. ಸಣ್ಣ ಪೈಪ್ ಯಾಕೆಂದರೆ ಬಿಚ್ಚಿದ ಮೇಲೆ ಕಾಗದ ಸ್ವಲ್ಪ ಹಿಂದಕ್ಕೆ ತೆರೆದುಕೊಳ್ಳುತ್ತದೆ.

ಅದರ ಮಾಡು ಇನ್ನೂ ಕಷ್ಟ. ಬಾಗಿದ ಓಣಿಯ ಮೇಲೆ ಇಳಿಜಾರು ಮಾಡು ಹಾಕಿದರೆ ಅದು ಶಂಕುವಿನ ಒಂದು ತುಂಡು. ಓಣಿ 90 ಡಿಗ್ರಿ ಬಾಗಿದೆ ಅಂತ ಕಾಗದವನ್ನೂ 90 ಡಿಗ್ರಿ ಕತ್ತರಿಸಿದರೆ ಕೂರುವುದಿಲ್ಲ. ಇಳಿಜಾರು 45 ಡಿಗ್ರಿ ಅಂತ ಇಟ್ಟುಕೊಂಡರೆ ಕಾಗದದ ತ್ರಿಜ್ಯವನ್ನು 0.707ರಿಂದ (ಅದು 45 ಡಿಗ್ರಿಯ ಕೊಸೈನ್) ಭಾಗಿಸಬೇಕು, ಕೋನವನ್ನು 0.707ರಿಂದ ಗುಣಿಸಬೇಕು. ಹೊರ ಸೂರಿನ 30 ಮಿ.ಮೀ. ಕಾಗದದಲ್ಲಿ 42.4 ಆಗುತ್ತದೆ, ಎರಡು ಗೋಡೆಗಳ ನಟ್ಟನಡುವಿನ ನೆತ್ತಿಯ 26.4 ಅಲ್ಲಿ 37.3, ಕೋನ 64 ಡಿಗ್ರಿಗೆ ಕೂದಲೆಳೆ ಕಡಿಮೆ. ಒಳ ಇಳಿಜಾರಿಗೂ ಅದೇ ಕೋನ, ತ್ರಿಜ್ಯ 37.3ರಿಂದ 32.1. ಎಂಟನೇ ತರಗತಿಯಲ್ಲಿ ಶಂಕುವಿನ ಪಾಠ ಮಾಡುವಾಗ ಇದನ್ನು ತೋರಿಸಿದ್ದರೆ ನಾನೂ ಒಂದಿಷ್ಟು ಆಸಕ್ತಿ ತೋರಿಸುತ್ತಿದ್ದೆನೇನೋ.

ಕಲ್ಲಿನ ಬಣ್ಣ

ನಡುವಿನ ಕಟ್ಟಡಕ್ಕೂ ಅದರ ಹತ್ತಿರದ ಬ್ಲಾಕ್‌ಗಳಿಗೂ ಬಳಸಿದ್ದು ಮೆಡೈನಾ ಮರಳುಗಲ್ಲು. ಅದೇ ರಾಜ್ಯದ ಮೆಡೈನಾ ಊರಿನ ಕಡೆಯ ಗಣಿಗಳ ಕಲ್ಲು. ಕೆಂಪು ಬೆರೆತ ಕಂದು. ಮುಖವನ್ನು ನಯ ಮಾಡದೆ ಒರಟಾಗಿ ಬಿಟ್ಟಿದ್ದಾರೆ. ಹತ್ತಿರ ನಿಂತು ಕೈ ಇಟ್ಟರೆ ಚುಚ್ಚುತ್ತದೆ. ದೂರದ ಬ್ಲಾಕ್‌ಗಳು ಇಟ್ಟಿಗೆಯವು.

ಒರಟು ಕಲ್ಲಿಗೆ ರಂಗೋಲಿ ಪುಡಿಯೇ ಸರಿ. ಅದೂ ಕಲ್ಲಿನ ಪುಡಿಯೇ ತಾನೆ? ತೆಳು ಮಲ್ ಬಟ್ಟೆಯಲ್ಲಿ ಜರಡಿ ಹಿಡಿದು, ಬಟ್ಟೆಯಿಂದ ಕೆಳಗೆ ಇಳಿದ ನುಣುಪು ಪುಡಿಯನ್ನು ಮಾತ್ರ ತೆಗೆದುಕೊಳ್ಳಬೇಕು. ದಪ್ಪ ಕಣ ಈ ಅಳತೆಯಲ್ಲಿ ಬಂಡೆಯಾಗಿ ಕಾಣುತ್ತದೆ. ನೀರು ಬೆರೆಸಿದ ಫೆವಿಕಾಲ್ ಬಳಿದು, ಪುಡಿ ಉದುರಿಸಿ, ಒಣಗಿದ ಮೇಲೆ ಕೊಡವಿದೆ. ಮೇಲೆ ಕೆಮ್ಮಣ್ಣು ಮತ್ತು ಸ್ವಲ್ಪ ಕಪ್ಪು ಅಕ್ರಿಲಿಕ್ ಬೆರೆಸಿದ ತೆಳು ಬಣ್ಣ. ಅಂಗಡಿಯ ಟ್ಯೂಬಿನ ಕೆಂಪು ಕಂದು ತುಂಬಾ ಹೊಳೆಯುತ್ತಿತ್ತು. ಕೆಮ್ಮಣ್ಣು ಹಾಕಿದ ಮೇಲೆ ಕಲ್ಲಿನ ಮಂಕು ಬಂತು. ಇಟ್ಟಿಗೆಯ ಬ್ಲಾಕ್‌ಗಳಿಗೆ ಪುಡಿ ಬೇಡ, ಬರೀ ಬಣ್ಣ ಸಾಕು. 1:500ರಲ್ಲಿ ಇಟ್ಟಿಗೆಯ ಗೆರೆ ಕಾಣುವುದಿಲ್ಲ. ಗೆರೆ ಎಳೆದರೆ ಆಟಿಕೆಯಂತಾಗುತ್ತದೆ.

ಗೋಪುರ

ಎರಡೂ ಗೋಪುರದ ಮಾಡು ಕಡಿದಾದದ್ದು. ತಾಮ್ರದ ಹೊದಿಕೆ, ಹವೆಗೆ ಹಸಿರಾಗಿದೆ. ನಾಲ್ಕು ಮೂಲೆಗೆ ನಾಲ್ಕು ಸಣ್ಣ ಗೋಪುರ. ಇಲ್ಲಿ ಬಣ್ಣ ಹಚ್ಚಿ ಮುಗಿಸಲು ಮನಸ್ಸಾಗಲಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹಿಂದೆ ಅಂಟಿರುವ ತಾಮ್ರದ ಟೇಪ್ ಸಿಗುತ್ತದೆ. ಅದನ್ನೇ ಹೊದಿಸಿದೆ.

ಮಾಡಿನ ಕಾಗದ ಕತ್ತರಿಸುವಾಗ ಫೋಟೋದಲ್ಲಿ ಕಾಣುವ ಎತ್ತರವನ್ನೇ ಅಳತೆಗೆ ಇಡಬಾರದು. ಬುಡ 18 ಮಿ.ಮೀ., ಎತ್ತರ 30 ಅಂದರೆ ಮುಖದ ಉದ್ದ 31.3, ಮೂಲೆಯ ಗೆರೆ 32.6. ವ್ಯತ್ಯಾಸ ಸಣ್ಣದು ಅನ್ನಿಸಬಹುದು, ಆದರೆ ನಾಲ್ಕು ಮುಖ ಸೇರಿಸುವಾಗ ತುದಿ ಬಾಯಿ ಬಿಡುವುದು ಇಲ್ಲೇ. ಮೂಲೆಯ ಸಣ್ಣ ಶಂಕುಗಳಿಗೆ ಲೆಕ್ಕ ಸುಲಭ. ಬುಡದ ತ್ರಿಜ್ಯ 3, ಇಳಿಜಾರಿನ ಉದ್ದ 15 ಇದ್ದರೆ 360 ಗುಣಿಸು 3, ಭಾಗಿಸು 15, ಅಂದರೆ 72 ಡಿಗ್ರಿಯ ತುಂಡು. ಒಂದು ವೃತ್ತದಲ್ಲಿ ಸರಿಯಾಗಿ ಐದು ಬರುತ್ತವೆ. ಎಂಟು ಬೇಕು, ಎರಡು ವೃತ್ತ ಬರೆದುಕೊಂಡರೆ ಎರಡು ಮಿಗುತ್ತವೆ.

ಹಸಿರು ಬರಿಸುವುದು ಹೀಗೆ. ಮೊದಲು ಸ್ಟೀಲ್ ವೂಲ್‌ನಿಂದ ಮೆಲ್ಲಗೆ ಉಜ್ಜಿ ಟೇಪಿನ ಮೇಲಿನ ಜಿಡ್ಡು ತೆಗೆಯಿರಿ. ವಿನೆಗರ್‌ನಲ್ಲಿ ಉಪ್ಪು ಕರಗಿಸಿ ಚಿಮುಕಿಸಿ. ಮುಚ್ಚಳ ಇರುವ ಡಬ್ಬಿಯ ತಳದಲ್ಲಿ ಒಂದು ಬಟ್ಟಲು ಅಮೋನಿಯಾ ಇಟ್ಟು, ಮಾಡನ್ನು ಅದಕ್ಕೆ ತಾಗದಂತೆ ಎತ್ತರಕ್ಕೆ ಇಟ್ಟು ಮುಚ್ಚಿ. ಆ ಆವಿಗೆ ನೀಲಿ ಹಸಿರು ಪೊರೆ ಕಟ್ಟುತ್ತದೆ. ಇದನ್ನು ಟೆರೇಸಿನ ಮೇಲೆ ಮಾಡಿ, ಮನೆಯೊಳಗೆ ಖಂಡಿತ ಬೇಡ. ಡಬ್ಬಿ ತೆಗೆಯುವಾಗ ಮುಖ ಹತ್ತಿರ ಇಡಬೇಡಿ. ಪೊರೆ ಪುಡಿಪುಡಿಯಾಗಿರುತ್ತದೆ, ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿ ಕೂರಿಸಬೇಕು. ಬೇರೆ ಮಾಡುಗಳದ್ದು ಸ್ಲೇಟ್ ಕಲ್ಲು. ಅದಕ್ಕೆ ಬೂದು ಕಾಗದ ಸಾಕು.

ಒಂದು ವಾರ್ಡ್, 1:100

1:500ರಲ್ಲಿ ಒಳಗೆ ಏನೂ ತೋರಿಸಲಾಗುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಒಂದು ವಾರ್ಡನ್ನು ಮಾತ್ರ ದೊಡ್ಡದಾಗಿ ಮಾಡಿದೆ. ಇದು ಬಫಲೋದ ಇಂಥದ್ದೇ ವಾರ್ಡ್ ಅಂತಲ್ಲ, ಕರ್ಕ್‌ಬ್ರೈಡ್ ಪುಸ್ತಕದ ನಿಯಮದಂತೆ ಮಾಡಿದ್ದು. ನಡುವೆ 12 ಅಡಿ ಅಗಲದ ಕಾರಿಡಾರ್, ಚಾವಣಿಯ ಎತ್ತರವೂ 12 ಅಡಿ. ಎರಡೂ ಬದಿಗೆ 9 ಅಡಿ, 11 ಅಡಿಯ ಕೋಣೆಗಳು. ಒಬ್ಬರಿಗೆ ಒಂದು. ನೋಡಿಕೊಳ್ಳುವವರ ಕೋಣೆಯೂ ಅಲ್ಲೇ, ಊಟದ ಕೋಣೆಯೂ ಅಲ್ಲೇ, ಸ್ನಾನದ ಮನೆಯೂ ಅಲ್ಲೇ.

ಕತ್ತರಿಸಿದ ಮೇಲೆ ನನಗೆ ವಿಚಿತ್ರ ಅನ್ನಿಸಿದ್ದು ಕೋಣೆಗೂ ಕಾರಿಡಾರಿಗೂ ಇರುವ ಅಂತರ. ಕಾರಿಡಾರ್ 37 ಮಿ.ಮೀ., ಕೋಣೆಯ ಅಗಲ 27. ಮಲಗುವ ಜಾಗಕ್ಕಿಂತ ಓಡಾಡುವ ಜಾಗ ಅಗಲ. ಯಾಕೆಂದರೆ ಅದು ಬರೀ ಓಣಿಯಲ್ಲ. ಹಗಲೆಲ್ಲ ಜನ ಇರಬೇಕಾದ್ದು ಅಲ್ಲಿ. ಕೂರುವುದು, ಓದುವುದು, ಹೊಲಿಯುವುದು, ಮಳೆ ಹಿಮ ಬಿದ್ದಾಗ ನಡೆದಾಡುವುದು. ನಮ್ಮ ಹಳೆ ಮನೆಗಳ ಪಡಸಾಲೆಯ ಕೆಲಸ ಅದರದ್ದು. ಹೋಟೆಲ್ ಮಾಡಿದವರೂ ಬಫಲೋದ ಆ ಅಗಲದ ಕಾರಿಡಾರನ್ನು ಉಳಿಸಿಕೊಂಡು, ಕೋಣೆಗಳನ್ನೇ ಒಂದರೊಳಗೊಂದು ಸೇರಿಸಿದರು. ಒಬ್ಬ ರೋಗಿಯ ಕೋಣೆ ಒಬ್ಬ ಅತಿಥಿಗೆ ಸಾಲದು.

ಗಾಳಿಯ ವ್ಯವಸ್ಥೆ ನೋಡೋಣ ಅಂತ ಈ ವಾರ್ಡಿನ ಮೇಲೆ ಪಾರದರ್ಶಕ ಅಕ್ರಿಲಿಕ್ ಹಾಳೆ ಮುಚ್ಚಿ, ಒಂದು ತುದಿಯಲ್ಲಿ ಅಗರಬತ್ತಿ ಹಿಡಿದೆ. ಎರಡೂ ತುದಿಯ ಕಿಟಕಿ ತೆರೆದಿದ್ದಾಗ ಹೊಗೆ ಕಾರಿಡಾರಿನಲ್ಲಿ ನೇರವಾಗಿ ಹರಿದು ಆಚೆ ಹೋಯಿತು. ಒಂದು ತುದಿಯನ್ನು ಟೇಪಿನಿಂದ ಮುಚ್ಚಿದರೆ ಅಲ್ಲೇ ಸುತ್ತಿ ಸುತ್ತಿ ನಿಂತಿತು. ಬ್ಲಾಕ್ ಹಿಂದೆ ಸರಿಯದೆ ಇನ್ನೊಂದರ ಬೆನ್ನಿಗೆ ಅಂಟಿಕೊಂಡಿದ್ದರೆ ಆಗುತ್ತಿದ್ದದ್ದು ಇದೇ. ಸಣ್ಣ ಮಾದರಿಯಲ್ಲಿ ಗಾಳಿ ದೊಡ್ಡ ಕಟ್ಟಡದಂತೆಯೇ ವರ್ತಿಸುವುದಿಲ್ಲ, ಹಾಗಾಗಿ ಇದನ್ನು ಪುರಾವೆ ಅನ್ನಲಾರೆ. ನೋಡಲು ಚೆನ್ನಾಗಿತ್ತು. ಮಗಳು ಮಾತ್ರ "ಅಪ್ಪಾ, ಆಸ್ಪತ್ರೆಗೂ ಪೂಜೆನಾ?" ಅಂದಳು.

ಚಳಿಗಾಲದಲ್ಲಿ ಕಿಟಕಿ ತೆರೆಯುವಂತಿಲ್ಲ. ಅದಕ್ಕೆ ಬೇರೆ ದಾರಿ. ನೆಲಮಾಳಿಗೆಯಲ್ಲಿ ಹಬೆಯ ಕೊಳವೆಗಳಿಂದ ಗಾಳಿ ಬಿಸಿ ಮಾಡಿ, ಗೋಡೆಯೊಳಗಿನ ಕೊಳವೆಗಳ ಮೂಲಕ ಕೋಣೆಗಳಿಗೆ ಕಳಿಸುವುದು. ಕೆಟ್ಟ ಗಾಳಿಗೆ ಬೇರೆ ಕೊಳವೆ, ಅದು ಅಟ್ಟಕ್ಕೆ ಹೋಗಿ ಹೊರಗೆ. ಒಳಗೋಡೆಗಳು ಅಷ್ಟು ದಪ್ಪ ಇರುವುದಕ್ಕೆ ಇದೂ ಒಂದು ಕಾರಣ. ಅದನ್ನು ತೋರಿಸಲು ಒಂದು ಗೋಡೆಯನ್ನು ಸೀಳಿ ಒಳಗೆ ಜ್ಯೂಸಿನ ಕಾಗದದ ಸ್ಟ್ರಾ ಸಾಲಾಗಿ ಇಟ್ಟೆ.

ಬಿಸಿಲು

ಬಫಲೋ ಇರುವುದು ಸುಮಾರು 43 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯ ವಾರದ ಮಧ್ಯಾಹ್ನ ಸೂರ್ಯ ಅಲ್ಲಿ 23.5 ಡಿಗ್ರಿ ಮಾತ್ರ ಏರುತ್ತಾನೆ. ನೆರಳು ಎತ್ತರದ 2.3 ಪಟ್ಟು ಉದ್ದ. ಬೆಂಗಳೂರಿನಲ್ಲಿ ಅದೇ ದಿನ 53 ಡಿಗ್ರಿಯ ಮೇಲೆ ಇರುತ್ತಾನೆ, ನಮಗೆ ಈ ಚಿಂತೆಯೇ ಇಲ್ಲ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಆ ಕೋನಕ್ಕೆ ಹಿಡಿದೆ. ಎದುರಿನಿಂದ ಬೆಳಕು ಬಿಟ್ಟಾಗ ನೆರಳೆಲ್ಲ ಹಿಂದಕ್ಕೆ ಬಿದ್ದಿತು, ಎಲ್ಲ ಬ್ಲಾಕಿನ ಮುಖಕ್ಕೂ ಬಿಸಿಲು. ಟಾರ್ಚನ್ನು ನೈಋತ್ಯಕ್ಕೆ ಸರಿಸಿದರೆ ಪೂರ್ವದ ಸಾಲಿನಲ್ಲಿ ಒಳಗಿನ ಬ್ಲಾಕಿನ ನೆರಳು ಹೊರಗಿನದರ ಮೇಲೆ ಬಿದ್ದಿತು. ಮುಂಭಾಗವನ್ನು ನೇರ ದಕ್ಷಿಣಕ್ಕಿಟ್ಟರೆ ಪಶ್ಚಿಮದ ಸಾಲಿಗೆ ಬೆಳಗ್ಗೆ ಇದೇ ಪಾಡು. ನಿಜವಾದ ಕಟ್ಟಡವನ್ನು ಸ್ವಲ್ಪ ಆಗ್ನೇಯಕ್ಕೆ ತಿರುಗಿಸಿ ನಿಲ್ಲಿಸಿದ್ದಾರೆ. ಮಾದರಿಯನ್ನೂ ಹಾಗೆ ತಿರುಗಿಸಿದೆ, ಬೆಳಗಿನ ಬಿಸಿಲು ಜಾಸ್ತಿ ಬ್ಲಾಕುಗಳಿಗೆ ಸಿಕ್ಕಿತು.

ತುದಿಯ ಬ್ಲಾಕುಗಳು

ಕೆಲಸ ನಡುವಿನಿಂದ ಶುರುಮಾಡಿ ಹೊರಗೆ ಹೋದೆ. ಹೋದಂತೆ ಕೆಲಸ ಸುಲಭವಾಗುತ್ತಾ ಬಂತು. ಗೋಪುರದ ಕಟ್ಟಡಕ್ಕೆ ಕಮಾನು, ಮೂಲೆ ಗೋಪುರ, ತಾಮ್ರ, ಒರಟು ಕಲ್ಲು. ಪಕ್ಕದ ಬ್ಲಾಕಿಗೆ ಕಲ್ಲು ಇದೆ, ಅಲಂಕಾರ ಕಡಿಮೆ. ಆಮೇಲೆ ಇಟ್ಟಿಗೆ. ಆಮೇಲೆ ಎತ್ತರವೂ ತಗ್ಗು. ಕೊನೆಯ ಬ್ಲಾಕನ್ನು ಒಂದೇ ಸಂಜೆಯಲ್ಲಿ ಮುಗಿಸಬಹುದು, ಅಂಥ ವಿಶೇಷ ಏನೂ ಇಲ್ಲ ಅದರಲ್ಲಿ.

ಅಲ್ಲಿ ಇರುತ್ತಿದ್ದವರು ಯಾರು? ಕರ್ಕ್‌ಬ್ರೈಡ್ ಪದ್ಧತಿಯಲ್ಲಿ ಶಾಂತವಾಗಿದ್ದವರು, ವಾಸಿಯಾಗುತ್ತಿದ್ದವರು ನಡುವಿನ ಹತ್ತಿರ. ಕೂಗಾಡುವವರು, ಕಾಯಿಲೆ ಜೋರಾಗಿದ್ದವರು ತುದಿಯಲ್ಲಿ. ಗದ್ದಲ ಉಳಿದವರಿಗೆ ಕೇಳಬಾರದು ಅನ್ನುವುದು ಕಾರಣ, ಅದರಲ್ಲಿ ನ್ಯಾಯವೂ ಇದೆ. ಆದರೆ ವೈದ್ಯರ ಮನೆ ಇರುವುದು ನಡುವೆ. ಹೆಚ್ಚು ಬೇಕಾದವರಿಗೆ ವೈದ್ಯರು ಹೆಚ್ಚು ದೂರ. ನನ್ನ ಮೇಜಿನ ಮೇಲೆ ಅದು ಎರಡು ಗೇಣಿಗಿಂತ ಜಾಸ್ತಿ. ಅಲ್ಲಿ ಸಾವಿರ ಅಡಿ, ನಡುವೆ ಐದು ಬಾಗಿದ ಕಾರಿಡಾರ್, ದಾರಿಯುದ್ದಕ್ಕೂ ಬೀಗದ ಬಾಗಿಲುಗಳು. 1969ರಲ್ಲಿ ಕೆಡವಿದ್ದು ಇಟ್ಟಿಗೆಯ ಈ ತುದಿಯ ಬ್ಲಾಕ್‌ಗಳನ್ನೇ. ಗೋಪುರ ಮುಟ್ಟಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಚೆಂದ ಇರುವುದು ಉಳಿಯಿತು, ಸಾದಾ ಇದ್ದದ್ದು ಹೋಯಿತು. ಬೇರೆ ಊರುಗಳಲ್ಲಿ ಚೆಂದದ್ದೂ ಉಳಿಯಲಿಲ್ಲ ಬಿಡಿ. ಮ್ಯಾಸಚೂಸೆಟ್ಸ್‌ನ ಡ್ಯಾನ್‌ವರ್ಸ್ ಆಸ್ಪತ್ರೆಯ ಬಹುಪಾಲು 2006ರಲ್ಲಿ ಹೋಯಿತು. ನ್ಯೂಜೆರ್ಸಿಯ ಗ್ರೇಸ್ಟೋನ್ 2015ರಲ್ಲಿ.

ಮನೆಗೆ ಬಂದವರಿಗೆ ಈಗ ಮೊದಲು ಪೂರ್ತಿ ಸಾಲು ತೋರಿಸುತ್ತೇನೆ, ಆಮೇಲೆ ಆ ಮೂರನ್ನು ಎತ್ತಿ ಪಕ್ಕಕ್ಕಿಡುತ್ತೇನೆ. ಎತ್ತಿದ ಮೇಲೆ ಎಲ್ಲರೂ ಕೇಳುವುದು ಅಲ್ಲಿ ಏನಿತ್ತು ಅಂತ. ಎತ್ತುವ ಮುಂಚೆ ಅವುಗಳ ಕಡೆ ನೋಡಿದವರು ಕಡಿಮೆ.

ಬಾಕಿ ಇರುವುದು ಹೊರಗಿನ ಕೆಲಸ. ದಕ್ಷಿಣದ ಹುಲ್ಲುಹಾಸು, ಓಮ್‌ಸ್ಟೆಡ್ ನೆಡಿಸಿದ ಮರಗಳ ಗುಂಪು, ಸುತ್ತಿ ಬರುವ ದಾರಿ. ಆಸ್ಪತ್ರೆಗೆ ಇದ್ದ 203 ಎಕರೆಯಲ್ಲಿ ಉತ್ತರದ ಕಡೆ ಹೊಲ ಇತ್ತು, ರೋಗಿಗಳೇ ದುಡಿಯುತ್ತಿದ್ದರು. ಈಗ ಅಲ್ಲಿ ವಿಶ್ವವಿದ್ಯಾಲಯವಿದೆ. ನನ್ನ ಪ್ಲೈವುಡ್‌ನಲ್ಲಿ ಅದಕ್ಕೆ ಜಾಗವಿಲ್ಲ. ಮರಗಳಿಗೆ ತೆಂಗಿನ ನಾರು ಸಣ್ಣಗೆ ಕತ್ತರಿಸಿ ಬಣ್ಣ ಹಾಕಿ ನೋಡಿದೆ, ಪರವಾಗಿಲ್ಲ. ಒಣಗಿದ ಗರಿಕೆಯ ಹೂವು ಇನ್ನೂ ಚೆನ್ನಾಗಿ ಬರುತ್ತದೆ, ಆದರೆ ಇರುವೆ ಬರುತ್ತದೆ. ಧೂಳಿಗೆ ಮೇಲೆ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಬೇಕು. ಐದಡಿ ಉದ್ದದ್ದಕ್ಕೆ ಅಂಗಡಿಯವರು ಹೇಳಿದ ರೇಟು ಕೇಳಿ ಸದ್ಯಕ್ಕೆ ಹಳೆ ಸೀರೆ ಹೊದಿಸಿದ್ದೇನೆ. "ಊಟದ ಮೇಜು ಯಾವಾಗ ಬಿಡ್ತೀರಾ?" ಅಂತ ಮನೆಯಾಕೆ ಕೇಳುವುದು ನಿಂತಿಲ್ಲ. ಗೋಡೆಗೆ ಎಲ್-ಕ್ಲಾಂಪ್ ಹೊಡೆದು ಹಲಗೆ ಕೂರಿಸಲು ಬಡಗಿಗೆ ಹೇಳಿಯಾಗಿದೆ, ಮುಂದಿನ ವಾರ ಬರುತ್ತಾನಂತೆ.